ದೆವ್ವ ಮತ್ತು ಇಬ್ಬರು ಹುಡುಗರು: ಆರು ವಾರಗಳ ಓದಿನ ದಿನಚರಿ

ಮೊದಲ ವಾರ

'ದಿ ಸಮ್ಮರ್ ಹಿಕಾರು ಡೈಡ್' ಎಂಬ ಅನಿಮೆಯನ್ನು (ಜಪಾನಿ ಅನಿಮೇಷನ್ ಸರಣಿಯನ್ನು) ಒಂದೇ ವಾರಾಂತ್ಯದಲ್ಲಿ ನೋಡಿ ಮುಗಿಸಿದ ಗೆಳತಿ, ಇದೇ ಬಗೆಯ ಮಾಂಗಾ, ಅಂದರೆ ಜಪಾನಿ ಚಿತ್ರಕಥೆಗಳು, ಇನ್ನೇನಿವೆ ಎಂದು ಕೇಳಿದ್ದಾಳೆ. ಅವಳ ಷರತ್ತುಗಳು ಎರಡು. ದೆವ್ವವೋ ಪಿಶಾಚಿಯೋ ನಿಜವಾಗಿಯೂ ಇರಬೇಕು. ಹುಡುಗರಿಬ್ಬರ ನಡುವೆ ಹೇಳಿಯೂ ಹೇಳದ ಒಂದು ಎಳೆ ಇರಬೇಕು, ಆದರೆ ಮುಖಪುಟದಲ್ಲೇ ಪ್ರೇಮಕಥೆ ಎಂದು ಸಾರಬಾರದು. ಹತ್ತು ನಿಮಿಷದಲ್ಲಿ ಪಟ್ಟಿ ಕೊಡಬಹುದಿತ್ತು. ಮರೆತಿರುವುದನ್ನು ಶಿಫಾರಸು ಮಾಡುವುದು ಬೇಡವೆಂದು ಎಲ್ಲವನ್ನೂ ಮತ್ತೆ ಓದಲು ಕುಳಿತಿದ್ದೇನೆ. ಓದುವುದು ಇಂಗ್ಲಿಷ್ ಅನುವಾದದಲ್ಲಿ.

ಮೊದಲು ಹಿಕಾರುವಿನ ಮೂಲ ಮಾಂಗಾವನ್ನೇ ತೆಗೆದುಕೊಂಡೆ. ಮೊಕುಮೊಕುರೆನ್ ಇದನ್ನು 2021ರಲ್ಲಿ ಆರಂಭಿಸಿದರು. ಬೆಟ್ಟದಲ್ಲಿ ಕಾಣೆಯಾಗಿದ್ದ ಹಿಕಾರು ಒಂದು ವಾರದ ನಂತರ ಊರಿಗೆ ಮರಳುತ್ತಾನೆ; ಬಂದಿರುವುದು ಅವನಲ್ಲ ಎಂಬುದು ಗೆಳೆಯ ಯೋಶಿಕಿಗೆ ಗೊತ್ತು. ಗೊತ್ತಿದ್ದೂ ಅದನ್ನು ಜೊತೆಯಲ್ಲಿಟ್ಟುಕೊಳ್ಳುತ್ತಾನೆ. ಜೀರುಂಡೆಯ ಸದ್ದು ಅಕ್ಷರಗಳಾಗಿ ಚೌಕಟ್ಟನ್ನೆಲ್ಲ ತುಂಬಿ ಮಾತಿಗೇ ಜಾಗವಿಲ್ಲದಂತೆ ಮಾಡುವ ಪುಟಗಳು ಅನಿಮೆಯಲ್ಲಿ ಸಿಗುವುದಿಲ್ಲ. ಮೂಲದಲ್ಲಿ ಹುಡುಗರು ಹಳ್ಳಿಯ ಆಡುನುಡಿಯಲ್ಲಿ ಮಾತಾಡುತ್ತಾರೆ. ಅನುವಾದದಲ್ಲಿ ಅದು ಬಹುಪಾಲು ಸಪಾಟಾಗಿದೆ. ಕುಂದಾಪುರದವನ ಮಾತನ್ನು ವಾರ್ತಾವಾಚಕನ ಬಾಯಲ್ಲಿ ಕೇಳಿದ ಹಾಗೆ.

ಯೋಶಿಕಿ ಹಿಕಾರುವಿನ ಎದೆಯೊಳಗೆ ಕೈ ತೂರಿಸುವ ದೃಶ್ಯದಲ್ಲಿ ಈ ಬಾರಿ ತುಂಬ ಹೊತ್ತು ನಿಂತೆ. ಭಯವೂ ಅಸಹ್ಯವೂ ಸಲಿಗೆಯೂ ಒಂದೇ ಕಡೆ ಕಲಸಿವೆ. ನೋಟ್‌ಬುಕ್ಕಿನಲ್ಲಿ 'ಕೊಟ್ಟದ್ದು, ಪಡೆದದ್ದು' ಎಂದು ಒಂದು ಕಲಂ ಎಳೆದೆ.

ಎರಡನೆಯ ವಾರ

ಆ ಕಲಂ ಕೆಲಸಕ್ಕೆ ಬಂತು. ತೊಮೊಕೊ ಯಮಾಶಿತ ಅವರ 'ದಿ ನೈಟ್ ಬಿಯಾಂಡ್ ದಿ ಟ್ರೈಕಾರ್ನರ್ಡ್ ವಿಂಡೋ' ಹತ್ತು ಸಂಪುಟಗಳಲ್ಲಿ ಮುಗಿದ ಕಥೆ. ಪುಸ್ತಕದಂಗಡಿಯ ನೌಕರ ಮಿಕಾಡೊನಿಗೆ ದೆವ್ವಗಳು ಕಾಣುತ್ತವೆ. ದೆವ್ವ ಬಿಡಿಸುವ ಹಿಯಾಕಾವ ಅವನ ಎದೆಯ ಮೂಲಕ ಆತ್ಮವನ್ನೇ ಮುಟ್ಟಿ, ಅವನ ನೋಟವನ್ನು ತನ್ನ ಕೆಲಸಕ್ಕೆ ಬಳಸಿಕೊಳ್ಳುತ್ತಾನೆ. ಮತ್ತೆ ಎದೆ, ಮತ್ತೆ ಕೈ. ಮೊದಮೊದಲು ಯಮಾಶಿತ ಇದನ್ನು ಪೋಲಿ ಹಾಸ್ಯದಂತೆ ನಡೆಸುತ್ತಾರೆ, ನಾನೂ ನಕ್ಕೆ. ಮೂರನೆಯ ಸಂಪುಟದ ಹೊತ್ತಿಗೆ ನಗು ಬರಲಿಲ್ಲ. ಒಬ್ಬನ ಒಳಗನ್ನು ಮುಟ್ಟುವ ಹಕ್ಕು ಇನ್ನೊಬ್ಬನಿಗೆ ಯಾರು ಕೊಟ್ಟರು ಎಂಬ ಪ್ರಶ್ನೆ ಮೆಲ್ಲನೆ ಮೇಲೇಳುತ್ತದೆ. ಇದು ಬಂದದ್ದು ಬಿಎಲ್ ('ಬಾಯ್ಸ್ ಲವ್', ಹುಡುಗರಿಬ್ಬರ ಪ್ರೇಮಕಥೆಗಳ) ಪತ್ರಿಕೆಯಲ್ಲಿ. ಆದರೂ ಮುತ್ತಿಗಾಗಿ ಕಾದು ಕುಳಿತವರಿಗೆ ನಿರಾಸೆ ಖಚಿತ. ಗೆಳತಿಯ ಪಟ್ಟಿಯಲ್ಲಿ ಇದಕ್ಕೇ ಮೊದಲ ಸ್ಥಾನ.

ಮೂರು ಮತ್ತು ನಾಲ್ಕನೆಯ ವಾರ

ಕ್ಲ್ಯಾಂಪ್ ಎಂಬ ಮಾಂಗಾ ಲೇಖಕಿಯರ ತಂಡದ 'ಹೋಲಿಕ್', 19 ಸಂಪುಟ. ಹಳೆಯ ಪುಸ್ತಕದಂಗಡಿಯೊಂದರಲ್ಲಿ ಕೊಂಡ ಕಟ್ಟಿನಲ್ಲಿ ಏಳನೆಯದೇ ಇರಲಿಲ್ಲ. ಅದಕ್ಕಾಗಿ ನಾಲ್ಕು ದಿನ ಕಾದೆ.

ಪಿಶಾಚಿಗಳನ್ನು ಆಕರ್ಷಿಸುವ ವತಾನುಕಿ, ಅವನ್ನು ದೂರವಿಡುವ ದೋಮೆಕಿ. ಜಗಳವಿಲ್ಲದೆ ಇಬ್ಬರೂ ಹತ್ತು ಹೆಜ್ಜೆ ನಡೆಯುವುದಿಲ್ಲ. ವತಾನುಕಿ ಗೊಣಗುತ್ತಲೇ ಬುತ್ತಿ ಕಟ್ಟುತ್ತಾನೆ, ದೋಮೆಕಿ ನಾಳೆ ಏನು ಬೇಕೆಂದು ಹೇಳುತ್ತಲೇ ತಿನ್ನುತ್ತಾನೆ. ಜೇಡವೊಂದರ ಸೇಡಿನಿಂದ ಆರಂಭವಾದ ಪ್ರಸಂಗದ ಕೊನೆಗೆ ದೋಮೆಕಿ ತನ್ನ ಒಂದು ಕಣ್ಣಿನ ಅರ್ಧವನ್ನು ವತಾನುಕಿಗೆ ಹಂಚಿಕೊಡುತ್ತಾನೆ. ಈ ಕಥೆಯಲ್ಲಿ ಬೆಲೆಯಿಲ್ಲದೆ ಏನೂ ಸಿಗುವುದಿಲ್ಲ, ಅಂಗಡಿಯ ಒಡತಿ ಯೂಕೊ ನಡೆಸುವ ವ್ಯವಹಾರವೇ ಅದು. ಪ್ರೀತಿ ಎಂಬ ಪದ ಅವರಿಬ್ಬರ ನಡುವೆ ಸುಳಿಯದಿದ್ದರೂ ನನ್ನ ಕಲಂ ಪುಟದ ಕೆಳಗಿನವರೆಗೂ ತುಂಬಿತು. ಅದರಲ್ಲಿ ಅರ್ಧ ಬರೀ ತಿಂಡಿಯ ಹೆಸರುಗಳು.

ಕೊನೆಯ ಸಂಪುಟಗಳು ಎಳೆದಾಡುತ್ತವೆ ಎಂದು ಹಲವರು ದೂರುತ್ತಾರೆ. ಹೌದು, ಎಳೆದಾಡುತ್ತವೆ. ಕಾಯುವವನ ಕಥೆ ಬೇರೆ ಹೇಗೆ ಇರಬೇಕಿತ್ತು?

ಐದನೆಯ ವಾರ

ಅದೇ ತಂಡದ 'ಟೋಕಿಯೊ ಬ್ಯಾಬಿಲಾನ್', 1990ರಲ್ಲಿ ಆರಂಭವಾದದ್ದು, ಏಳೇ ಸಂಪುಟ. ಹದಿನಾರರ ಮಾಂತ್ರಿಕ ಸುಬಾರು, ಅವನನ್ನು ಪ್ರೀತಿಸುವುದಾಗಿ ಎಲ್ಲರೆದುರು ತಮಾಷೆ ಮಾಡುತ್ತಿರುವ ಪಶುವೈದ್ಯ ಸೇಶಿರೊ. ಸುಬಾರು ಕೈಗವಸು ತೆಗೆಯುವುದೇ ಇಲ್ಲ. ಏಕೆಂದು ಇಲ್ಲಿ ಹೇಳಿದರೆ ಗೆಳತಿ ನನ್ನನ್ನು ಕ್ಷಮಿಸುವುದಿಲ್ಲ. ಬಿಡಿಬಿಡಿ ಕಥೆಗಳಲ್ಲಿ ಮಹಾನಗರದ ಒಂಟಿತನವೇ ನಿಜವಾದ ದೆವ್ವ. ಕೊನೆಯ ಸಂಪುಟ ಮಾತ್ರ ಹೊಟ್ಟೆಗೆ ಹಾಕಿದ ಗುದ್ದು.

ಯೊಕೊ ಮತ್ಸುಶಿತ ಅವರ 'ಯಾಮಿ ನೊ ಮತ್ಸುಎಯಿ'ಯನ್ನು ಮೂರನೆಯ ಸಂಪುಟಕ್ಕೆ ಬಿಟ್ಟೆ. ಯಮಲೋಕದ ಗುಮಾಸ್ತರಂಥ ನಾಯಕರು ಇಷ್ಟವಾದರು. ಖಳನಾಯಕ ಮುರಾಕಿಯ ಕ್ರೌರ್ಯದಲ್ಲಿರುವ ಲೈಂಗಿಕ ಹಿಂಸೆಯನ್ನು ಸೊಗಸಾಗಿ ಚಿತ್ರಿಸಿರುವುದು ಇಷ್ಟವಾಗಲಿಲ್ಲ. ಪಟ್ಟಿಯಲ್ಲಿ ಎಚ್ಚರಿಕೆಯೊಂದಿಗೆ ಉಳಿದಿದೆ. 'ನಾತ್ಸುಮೆಸ್ ಬುಕ್ ಆಫ್ ಫ್ರೆಂಡ್ಸ್' ಚೆಂದ, ಆದರೆ ಗೆಳತಿ ಕೇಳುವ ಎಳೆ ಅಲ್ಲಿ ತೀರ ತೆಳು. ನಟನೂ ಮಾಂತ್ರಿಕನೂ ಆದ ನಾತೋರಿಗಾಗಿ ಅಡಿಟಿಪ್ಪಣಿಯಲ್ಲಿ ಸೇರಿಸಿದೆ.

ಆರನೆಯ ವಾರ

ಈಗ ಹಿಂದಕ್ಕೆ, 1972ಕ್ಕೆ. ಮೊತೊ ಹಾಗಿಯೊ ಅವರ 'ದಿ ಪೋ ಕ್ಲಾನ್'. ಎಂದೂ ಬೆಳೆಯದ ರಕ್ತಪಿಪಾಸು ಬಾಲಕ ಎಡ್ಗರ್, ತಂಗಿಯನ್ನು ಕಳೆದುಕೊಂಡ ಮೇಲೆ ಆಲನ್‌ನನ್ನು ಜೊತೆಗೆ ಕರೆದೊಯ್ಯುತ್ತಾನೆ. ಕೊಟ್ಟದ್ದು ರಕ್ತ, ಪಡೆದದ್ದು ಮುಗಿಯದ ಕಾಲ. ಹಾಗಿಯೊ ಮತ್ತು ಅವರ ಓರಗೆಯ ಲೇಖಕಿಯರೇ ಹುಡುಗರಿಬ್ಬರ ಪ್ರೇಮವನ್ನು ಹುಡುಗಿಯರ ಮಾಂಗಾದೊಳಗೆ ತಂದವರು. ಹಿಕಾರುವಿನ ಎದೆಯ ಸೀಳಿಗೆ ಇಷ್ಟು ಹಳೆಯ ನೆಂಟಸ್ತಿಕೆ ಇದೆಯೆಂದು ಕಲಂ ಇಲ್ಲದಿದ್ದರೆ ನನಗೆ ಹೊಳೆಯುತ್ತಿರಲಿಲ್ಲ. ಮೊದಲ ಸಂಪುಟ ಮುಗಿದಿದೆ, ಎರಡನೆಯದು ಮೇಜಿನ ಮೇಲಿದೆ.

ಪಟ್ಟಿ ಕಳುಹಿಸಿದ ಮೂರನೆಯ ದಿನ ಗೆಳತಿಯಿಂದ ಸಂದೇಶ ಬಂತು. 'ಟ್ರೈಕಾರ್ನರ್ಡ್ ವಿಂಡೋ' ಎರಡು ಸಂಪುಟ ಆಗಿದೆಯಂತೆ. ಒಂದೇ ಪ್ರಶ್ನೆ: ಹಿಯಾಕಾವನನ್ನು ನಂಬಬಹುದೇ? ಇನ್ನೂ ಎಂಟು ಸಂಪುಟಗಳಿವೆ, ಓದು ಎಂದಿದ್ದೇನೆ.