ಕಾಕಲ್‌ಬಿಡ್ಡಿಯಲ್ಲಿ ಎರಡು ರಾತ್ರಿ

ಕಾರಿನ ಹಿಂದೆ ಕ್ಯಾರವಾನ್, ಅಂದರೆ ಚಕ್ರದ ಮೇಲಿನ ಪುಟ್ಟ ಮನೆ, ಎಳೆದುಕೊಂಡು ಆಸ್ಟ್ರೇಲಿಯಾದ ನಲ್ಲರ್ಬೋರ್ ಪ್ರದೇಶ ಹಾಯುತ್ತಿದ್ದೆವು. ಮಡೂರಾ ಅನ್ನುವ ತಂಗುದಾಣ ದಾಟಿ ಮುಕ್ಕಾಲು ಗಂಟೆಯಾಗಿತ್ತು. ನಮ್ಮನ್ನು ಹಿಂದಿಕ್ಕಿ ಹೋದ ಭಾರಿ ಲಾರಿಯ ಡ್ರೈವರ್, ದಾರಿಯಲ್ಲಿ ಗಾಡಿಯವರು ಪರಸ್ಪರ ಮಾತಾಡಿಕೊಳ್ಳುವ ರೇಡಿಯೋದ 40ನೇ ಚಾನೆಲ್‌ನಲ್ಲಿ ಕೂಗಿದ: "ನಿಮ್ಮ ಕ್ಯಾರವಾನ್‌ನ ಎಡ ಚಕ್ರದಿಂದ ಹೊಗೆ ಬರ್ತಿದೆ, ನಿಲ್ಲಿಸಿ!" ಇಳಿದು ನೋಡಿದರೆ ಚಕ್ರದ ನಡುವಿನ ಹಬ್ ಕೈ ಇಡಲಾಗದಷ್ಟು ಕಾದಿತ್ತು. ಕರಗಿದ ಗ್ರೀಸ್ ಚಕ್ರದ ಒಳಮೈಗೆಲ್ಲ ಸಿಡಿದಿತ್ತು. ಬೇರಿಂಗ್ ಹೋಗಿದೆ ಅಂದರು ನಮ್ಮವರು.

ಆಸ್ಟ್ರೇಲಿಯಾವನ್ನು ಹೀಗೆ ಸುತ್ತು ಹಾಕುವುದಕ್ಕೆ ಇಲ್ಲಿ 'ಬಿಗ್ ಲ್ಯಾಪ್' ಅಂತಾರೆ. ಹೈವೇ 1 ಹಿಡಿದರೆ ಸುಮಾರು 14,500 ಕಿ.ಮೀ. ನಾವಿಬ್ಬರು, ಮಕ್ಕಳಿಬ್ಬರು, ಚಳ್ಳಕೆರೆಯಿಂದ ಬಂದಿದ್ದ ನನ್ನಮ್ಮ. ಹಿಂದಿನ ದಿನ ತಾನೇ ದಕ್ಷಿಣ ಕರಾವಳಿಯ ಹೆಡ್ ಆಫ್ ಬೈಟ್‌ನ ಬಂಡೆ ಮೇಲೆ ನಿಂತು ಮರಿಗಳ ಜೊತೆ ತೇಲುತ್ತಿದ್ದ ತಿಮಿಂಗಿಲಗಳನ್ನು ನೋಡಿದ್ದೆವು. ಆ ರಾತ್ರಿ ಇನ್ನೂ ಪಶ್ಚಿಮಕ್ಕಿರುವ ಬ್ಯಾಲಡೋನಿಯಾ ಸೇರಬೇಕೆಂದಿತ್ತು.

ನಮ್ಮ ಹಿಂದೆ ಬರುತ್ತಿದ್ದ ವಯಸ್ಸಾದ ದಂಪತಿ ಕೇಳದೆಯೇ ನಿಲ್ಲಿಸಿದರು. ನಿವೃತ್ತಿಯಾದ ಮೇಲೆ ತಿಂಗಳುಗಟ್ಟಲೆ ಕ್ಯಾರವಾನ್‌ನಲ್ಲೇ ಸುತ್ತುವ 'ಗ್ರೇ ನೋಮ್ಯಾಡ್ಸ್'. ಆ ಹಿರಿಯರು ಜಾಕ್ ಹಾಕಿ, ಹಬ್ ಬಿಚ್ಚಿ, ತಮ್ಮ ಡಬ್ಬಿಯ ಗ್ರೀಸನ್ನೇ ತುಂಬಿಕೊಟ್ಟರು. ಐದೈದು ಕಿಲೋಮೀಟರಿಗೆ ನಿಂತು, ಹಬ್ ಆರಿಸಿಕೊಂಡು, ಆಮೆಯ ಹಾಗೆ ಕಾಕಲ್‌ಬಿಡ್ಡಿ ಸೇರುವವರೆಗೂ ಅವರ ಗಾಡಿ ದೀಪ ಮಿನುಗಿಸುತ್ತಾ ನಮ್ಮ ಬೆನ್ನ ಹಿಂದೆಯೇ ಇತ್ತು. ಆ ಋಣ ದೊಡ್ಡದು.

ಕಾಕಲ್‌ಬಿಡ್ಡಿ ಊರಲ್ಲ. ಒಂದು ಪೆಟ್ರೋಲ್ ಬಂಕ್, ಊಟದ ಕೋಣೆ, ಹಿಂದೆ ಕ್ಯಾರವಾನ್ ನಿಲ್ಲಿಸುವ ಜಾಗ, ಅಷ್ಟೇ. ಪಶ್ಚಿಮಕ್ಕೆ ಮೊದಲು ಸಿಗುವ ಪಟ್ಟಣ ನಾರ್ಸ್‌ಮನ್, 438 ಕಿ.ಮೀ. ದೂರ. ಬೇರಿಂಗ್ ಅಲ್ಲಿಂದ ಲಾರಿಯಲ್ಲಿ ಬರಬೇಕಿತ್ತು. ಸಮಯವೂ ಇಲ್ಲಿ ಬೇರೆ: ಪರ್ತ್‌ಗಿಂತ 45 ನಿಮಿಷ ಮುಂದೆ. ಭಾರತಕ್ಕೂ ನಮಗೂ ಸರಿಯಾಗಿ ಮೂರೂಕಾಲು ಗಂಟೆ ವ್ಯತ್ಯಾಸ ಅಂತ ಮಗಳು ಲೆಕ್ಕ ಹಾಕಿದಳು.

ಬೆಳಿಗ್ಗೆ ಉಪ್ಪಿಟ್ಟು ಮಾಡಿದೆ. ಒಗ್ಗರಣೆಗೆ ಕರಿಬೇವು, ಹಸಿಮೆಣಸು ಯಾವುದೂ ಇರಲಿಲ್ಲ. ಹಣ್ಣು ತರಕಾರಿ ಆ ಕಡೆಗೆ ಒಯ್ಯುವಂತಿಲ್ಲವೆಂದು ಪಶ್ಚಿಮ ಆಸ್ಟ್ರೇಲಿಯಾ ರಾಜ್ಯದ ಗಡಿಯಲ್ಲೇ ಎಲ್ಲ ಕೊಟ್ಟು ಬಂದಿದ್ದೆವು. ತಿಂಡಿ ತಿಂದ ಅಮ್ಮ ಶಾಲು ಹೊದ್ದು ಹೊರಟೇಬಿಟ್ಟಳು. ಅವಳ ಹಿಂದೆ ನಾನು.

ನಲ್ಲರ್ಬೋರ್ ಅಂದರೆ ಲ್ಯಾಟಿನ್‌ನಲ್ಲಿ 'ಮರವಿಲ್ಲದ್ದು'. ಆದರೆ ನಿಜಕ್ಕೂ ಮರವೇ ಇಲ್ಲದ ಬಯಲನ್ನು ಹೆದ್ದಾರಿ ಹಾಯುವುದು ಸ್ವಲ್ಪ ದೂರ ಮಾತ್ರ. ಇಲ್ಲಿ ಕುರುಚಲು ಮರ, ಕೆಂಪು ಮಣ್ಣು, ಬೂದಿಬಣ್ಣದ ಸಾಲ್ಟ್‌ಬುಷ್ ಪೊದೆ. ಅಮ್ಮ ನಿಂತು ಸುತ್ತ ನೋಡಿದಳು. "ನಮ್ ಕಾವಲಿದ್ದಂಗೇ ಐತಲ್ಲೇ!" ಅಮೃತಮಹಲ್ ಕಾವಲಿನಲ್ಲಿ ಕುರಿ ಹಿಂದೆ ಓಡಾಡಿ ಬೆಳೆದವಳು ಅವಳು. ಪೊದೆಯ ಎಲೆ ಕಿತ್ತು ಬಾಯಿಗಿಟ್ಟಳು. ಉಪ್ಪು. "ಕುರಿ ತಿಂತಾವಾ?" ತಿಂತಾವಮ್ಮ, ಈ ಕಡೆ ಸಾವಿರಾರು ಎಕರೆಯ ಕುರಿ ಸಾಕಣೆಗಳಿವೆ ಅಂದೆ. ಮೂರು ವಾರದಿಂದ ಕಾರಿನ ಕಿಟಕಿಯಲ್ಲಿ ಸುಮ್ಮನೆ ಕೂತಿದ್ದವಳು ಆಮೇಲೆ ಮಾತು ನಿಲ್ಲಿಸಲಿಲ್ಲ. ಅವಳ ಅಪ್ಪ, ಬರಗಾಲ, ಕಂಬಳಿ ನೇಯುತ್ತಿದ್ದ ಪಕ್ಕದ ಮನೆಯವರು. ಅದರಲ್ಲಿ ಎಷ್ಟೋ ಕಥೆ ನಾನು ಮೊದಲ ಸಲ ಕೇಳಿದ್ದು.

"ಒಂದ್ ಹಳ್ಳ ಇಲ್ಲ, ಕೆರೆ ಇಲ್ಲ. ಮಳೆ ನೀರೆಲ್ಲ ಎಲ್ಲಿಗ್ ಹೋಗ್ತೈತೆ?" ಅಂತ ಕೇಳಿದಳು. ಬಂಕಿನ ಹೆಂಗಸನ್ನು ವಿಚಾರಿಸಿದೆ. ಕಾಲ ಕೆಳಗಿರುವುದೆಲ್ಲ ಸುಣ್ಣಕಲ್ಲು, ನೀರು ನೇರ ಒಳಗಿಳಿಯುತ್ತದೆ. ಹತ್ತಿರದಲ್ಲೇ ಇರುವ ಗುಹೆಯೊಳಗೆ 6 ಕಿಲೋಮೀಟರಿಗೂ ಉದ್ದದ, ನೀರು ತುಂಬಿದ ಸುರಂಗವಿದೆ. 1983ರಲ್ಲಿ ಫ್ರಾನ್ಸಿನ ಮುಳುಗುಗಾರರು ಅಲ್ಲಿ ದಾಖಲೆ ಮಾಡಿದ್ದರು ಅಂದಳು. ಕನ್ನಡದಲ್ಲಿ ಹೇಳಿದೆ. ಅಮ್ಮ ಬಗ್ಗಿ ಅಂಗೈಯಿಂದ ನೆಲ ತಟ್ಟಿದಳು. "ಕುಡಿಯಾಕೆ ಬರ್ತೈತಾ?" ಇಲ್ಲಮ್ಮ, ಉಪ್ಪುನೀರು ಅಂದೆ. "ಅಯ್ಯೋ, ಪಾಪ" ಅಂದಳು, ನೆಲಕ್ಕೇ ಹೇಳುವ ಹಾಗೆ. ಅವತ್ತು ಸಂಜೆ ಪಾತ್ರೆಯನ್ನೆಲ್ಲ ಅವಳೇ ತೊಳೆದಳು, ಎರಡೇ ಚೊಂಬು ನೀರಲ್ಲಿ.

ಮೂರನೇ ದಿನ ಬೇರಿಂಗ್ ಬಂತು. ಹೊಸದು ಹಾಕಿದ ಮೇಲೆ ನಡುವೆ ನಿಂತು ಮುಟ್ಟಿ ನೋಡಬೇಕಂತೆ. ಮುಂದಿನ ತಂಗುದಾಣ ಕೈಗೂನಾದಲ್ಲಿ ನಿಲ್ಲಿಸಿದೆವು, ಅಲ್ಲಿಂದ ಮುಂದೆ 146.6 ಕಿ.ಮೀ. ರಸ್ತೆ ಒಂದು ತಿರುವೂ ಇಲ್ಲದೆ ನೆಟ್ಟಗೆ. ನಮ್ಮವರು ಹಬ್ ಮೇಲೆ ಕೈಯಿಟ್ಟರು. ಅಮ್ಮನೂ ಇಳಿದು ಬಂದು, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ ಮುಟ್ಟಿ ನೋಡಿದಳು. "ಬಿಸಿ ಇಲ್ಲ, ನಡೀರಿ" ಅಂದಳು.