ಪಿಂಗ್ ಬರುತ್ತದೆ, ಫೋಟೋ ಬರುವುದಿಲ್ಲ

ನಮ್ಮ ಮನೆಯ ಹಳೆಯ ರೌಟರಿನ ಹಿಂದೆ ಒಂದು ಯುಎಸ್‌ಬಿ ಕಿಂಡಿ ಇದೆ. ಅದಕ್ಕೆ ಸಿಕ್ಕಿಸಿದ ಹಾರ್ಡ್ ಡಿಸ್ಕ್‌ನಲ್ಲಿ ಮನೆಯ ಫೋಟೋ, ಮದುವೆ ವಿಡಿಯೋ, ಕ್ಯಾಸೆಟ್‌ನಿಂದ ಇಳಿಸಿಕೊಂಡ ಯಕ್ಷಗಾನ ಎಲ್ಲ ಇತ್ತು. ಕಂಪ್ಯೂಟರಿಗೆ ಲಿನಕ್ಸ್ ಮಿಂಟ್‌ನ ಹೊಸ ಆವೃತ್ತಿ ಹಾಕಿದ ಮೇಲೆ ಆ ಡಿಸ್ಕ್ ತೆರೆಯುವುದೇ ನಿಂತುಹೋಯಿತು. ಮೌಂಟ್ ಮಾಡಲು (ಅಂದರೆ ನನ್ನ ಕಂಪ್ಯೂಟರಿನ ಫೋಲ್ಡರ್‌ನ ಹಾಗೆ ಜೋಡಿಸಿಕೊಳ್ಳಲು) ಹೋದರೆ 'ಎರರ್ 112, ಹೋಸ್ಟ್ ಈಸ್ ಡೌನ್' ಅನ್ನುತ್ತದೆ. ಡೌನ್ ಎಲ್ಲಿ ಬಂತು? ಅದೇ ರೌಟರಿನಿಂದ ಪಕ್ಕದ ಕೋಣೆಯಲ್ಲಿ ಅಮ್ಮ ಧಾರಾವಾಹಿ ನೋಡುತ್ತಿದ್ದರು!

ರೌಟರಿನ ವಿಳಾಸ 192.168.1.1ಕ್ಕೆ ಪಿಂಗ್ ಮಾಡಿದೆ, ಅಂದರೆ ಇದ್ದೀಯಾ ಅಂತ ಕೂಗಿ ನೋಡಿದೆ, ಉತ್ತರ ಬಂತು. ಫೈಲ್ ಹಂಚಿಕೆಯ ಬಾಗಿಲಾದ 445ನೇ ಪೋರ್ಟ್ ತೆರೆದಿದೆಯಾ ನೋಡಿದೆ, ತೆರೆದಿತ್ತು. ಅಲ್ಲಿಗೆ ವೈಫೈ, ಕೇಬಲ್, ಫೈರ್‌ವಾಲ್ ಮೂರರ ಮೇಲಿದ್ದ ಅನುಮಾನವೂ ಕಳೆಯಿತು. ಮೌಂಟ್ ಹೇಳುವುದನ್ನು ನಂಬುವುದು ಬಿಟ್ಟು ಎಸ್‌ಎಂಬಿಕ್ಲೈಂಟ್ ಎಂಬ ಪ್ರೋಗ್ರಾಂನಿಂದ ಶೇರ್‌ಗಳ (ಹಂಚಿದ ಫೋಲ್ಡರ್‌ಗಳ) ಪಟ್ಟಿ ಕೇಳಿದಾಗ 'ಪ್ರೋಟೋಕಾಲ್ ನೆಗೋಶಿಯೇಶನ್ ಫೇಲ್ಡ್' ಅಂತ ಬಂತು. ಇದು ಸ್ವಲ್ಪ ಪ್ರಾಮಾಣಿಕ ಉತ್ತರ. ರೌಟರ್ ಎದ್ದೇ ಇದೆ, ಆದರೆ ಫೈಲ್ ಹಂಚಲು ಬಳಸುವ ಎಸ್‌ಎಂಬಿ ಎಂಬ ಭಾಷೆಯಲ್ಲಿ (ಪ್ರೋಟೋಕಾಲ್) ಅದಕ್ಕೆ ಗೊತ್ತಿರುವುದು ಹಳೆಯ ಆವೃತ್ತಿಯಾದ ಎಸ್‌ಎಂಬಿ 1 ಮಾತ್ರ, ನನ್ನ ಲಿನಕ್ಸ್ ಅದನ್ನು ಮಾತಾಡಲು ಒಪ್ಪುತ್ತಿಲ್ಲ.

ಒಪ್ಪದಿರಲು ಕಾರಣವೂ ಇದೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಕುತಂತ್ರಾಂಶ ಊರೂರಿನ ಕಂಪ್ಯೂಟರ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳಿತಲ್ಲ, ಅದು ಒಂದರಿಂದ ಇನ್ನೊಂದಕ್ಕೆ ಹರಡಿದ್ದು ವಿಂಡೋಸ್‌ನ ಎಸ್‌ಎಂಬಿ 1ರಲ್ಲಿದ್ದ ತೂತಿನಿಂದಲೇ. ಅದೇ ವರ್ಷ ಬಂದ ಲಿನಕ್ಸ್‌ನ ತಿರುಳಾದ ಕರ್ನಲ್‌ನ 4.13ನೇ ಆವೃತ್ತಿ ತಾನಾಗಿ ಎಸ್‌ಎಂಬಿ 1 ಬಳಸುವುದನ್ನು ಬಿಟ್ಟಿತು. 2019ರಲ್ಲಿ, ಲಿನಕ್ಸ್‌ನಿಂದ ಎಸ್‌ಎಂಬಿಯಲ್ಲಿ ಫೈಲ್ ಹಂಚುವ ತಂತ್ರಾಂಶವಾದ ಸಾಂಬಾದ 4.11ನೇ ಆವೃತ್ತಿ ಕೂಡ ಕನಿಷ್ಠ ಎಸ್‌ಎಂಬಿ 2 ಇರಲೇಬೇಕು ಅಂದಿತು. ನಮ್ಮ ರೌಟರಿನ ಕಂಪನಿ ಮಾತ್ರ ಯಾವತ್ತೋ ಅಪ್‌ಡೇಟ್ ಕೊಡುವುದು ನಿಲ್ಲಿಸಿ ಹಾಯಾಗಿದೆ.

ಮೌಂಟ್ ಆಜ್ಞೆಗೆ 'ವರ್ಸ್=1.0' (ಎಸ್‌ಎಂಬಿ 1ನ್ನೇ ಬಳಸು) ಅಂತ ಸೇರಿಸಿದೆ, ಡಿಸ್ಕ್ ತಕ್ಷಣ ತೆರೆಯಿತು. ಆದರೆ ಫೈಲುಗಳೆಲ್ಲ ರೂಟ್ (ಕಂಪ್ಯೂಟರಿನ ಯಜಮಾನ ಖಾತೆ) ಹೆಸರಲ್ಲಿ, ಒಂದನ್ನೂ ಅಳಿಸುವ ಹಾಗಿಲ್ಲ. ನನ್ನ ಖಾತೆಯ ಸಂಖ್ಯೆ ಹೇಳುವ 'ಯುಐಡಿ=1000' ಸೇರಿಸಿದ ಮೇಲೆ ಅದೂ ಸರಿಹೋಯಿತು. ಸುಮಾರು ಜನ ಇಲ್ಲಿಗೇ ಕೈತೊಳೆದುಕೊಳ್ಳುತ್ತಾರೆ. ನನಗೆ ಸರಿ ಅನಿಸಲಿಲ್ಲ. ಫೋಟೋ ನಕಲು ಮಾಡಿಕೊಳ್ಳುವ ತನಕ ಸರಿ, ಆದರೆ ಲೋಕವೇ ಬಿಟ್ಟ ಪ್ರೋಟೋಕಾಲನ್ನು ಇಂಟರ್‌ನೆಟ್‌ಗೆ ಬಾಗಿಲಾಗಿರುವ ಪೆಟ್ಟಿಗೆಯಲ್ಲೇ ದಿನವೂ ಓಡಿಸುವುದು ಯಾಕೆ, ಅಲ್ವಾ?

ಹಾಗಾಗಿ ಡಿಸ್ಕನ್ನು ಲಿನಕ್ಸ್ ಕಂಪ್ಯೂಟರಿಗೇ ಸಿಕ್ಕಿಸಿ, ಸಾಂಬಾ ಹಾಕಿ ಅಲ್ಲಿಂದಲೇ ಹಂಚಿದೆ. ಇಲ್ಲಿ ಎಲ್ಲರನ್ನೂ ಕಾಡುವ ವಿಷಯ ಪಾಸ್‌ವರ್ಡ್. ಲಾಗಿನ್ ಪಾಸ್‌ವರ್ಡ್ ಸಾಂಬಾಗೆ ಗೊತ್ತೇ ಇರುವುದಿಲ್ಲ, ಅದರ ಲೆಕ್ಕದ ಪುಸ್ತಕವೇ ಬೇರೆ. 'ಎಸ್‌ಎಂಬಿಪಾಸ್‌ಡಬ್ಲ್ಯೂಡಿ' (smbpasswd) ಆಜ್ಞೆಯಿಂದ ಬೇರೆಯಾಗಿ ಕೊಡಬೇಕು, ಇಲ್ಲದಿದ್ದರೆ ಎಷ್ಟು ಸಲ ಒತ್ತಿದರೂ ಒಳಗೆ ಬಿಡದು. ಬರೆದ ಸೆಟ್ಟಿಂಗ್ ಸರಿಯಿದೆಯಾ ಅಂತ 'ಟೆಸ್ಟ್‌ಪಾರ್ಮ್' ಹೇಳುತ್ತದೆ. ಫೈರ್‌ವಾಲ್‌ನಲ್ಲಿ ಸಾಂಬಾಗೆ ಮನೆಯ ನೆಟ್‌ವರ್ಕ್‌ನಿಂದ ಮಾತ್ರ ದಾರಿ ಕೊಟ್ಟೆ.

ಅಣ್ಣನ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಕೊನೆಯ ತಕರಾರು. ವಿಳಾಸ ಬರೆದರೆ ಶೇರ್ ತೆರೆಯುತ್ತದೆ, ನೆಟ್‌ವರ್ಕ್ ಪಟ್ಟಿಯಲ್ಲಿ ಮಾತ್ರ ನನ್ನ ಕಂಪ್ಯೂಟರಿನ ಸುಳಿವೇ ಇಲ್ಲ. ಪಟ್ಟಿ ತೋರಿಸುತ್ತಿದ್ದ ಹಳೆಯ ವ್ಯವಸ್ಥೆಯೂ ಎಸ್‌ಎಂಬಿ 1ರ ಜೊತೆಗೇ ಹೋಗಿದೆ, ಈಗಿನ ವಿಂಡೋಸ್ ಹುಡುಕುವ ರೀತಿ ಬೇರೆ. ಅದಕ್ಕೆ ಉತ್ತರ ಕೊಡುವ 'ಡಬ್ಲ್ಯೂಎಸ್‌ಡಿಡಿ' ಎಂಬ ಪುಟ್ಟ ಪ್ರೋಗ್ರಾಂ ಹಾಕಿದ ಮೇಲೆ ಹೆಸರು ಕಾಣಿಸಿತು. ಹೆಸರು ಕಂಡದ್ದೇ ತಡ, ಅಣ್ಣ ಫೋಲ್ಡರ್‌ಗಳ ಹೆಸರು ಬದಲಿಸಲು ಶುರು ಮಾಡಿದ. ಸದ್ಯಕ್ಕೆ ಅವನಿಗೆ ಓದಲು ಮಾತ್ರ ಅನುಮತಿ.