ಕಮಾನಿನ ಊರಲ್ಲಿ ಒಂದು ದಿನ

ಇವತ್ತು ಇಡೀ ದಿನ ಅಮೆರಿಕದ ಸೇಂಟ್ ಲೂಯಿಸ್ ಡೌನ್‌ಟೌನ್‌ನಲ್ಲಿ ಕಾಲು ನೋಯುವಷ್ಟು ಸುತ್ತಿದೆ. ಗೇಟ್‌ವೇ ಆರ್ಚ್ ಅನ್ನೋ ಇಲ್ಲಿನ ಕಮಾನು 630 ಅಡಿ ಎತ್ತರ, ಬುಡದ ಅಗಲವೂ ಅಷ್ಟೇ. ಕೆಳಗೆ ನಿಂತು ನೋಡಿದರೆ ನಂಬೋಕೇ ಆಗಲ್ಲ! ಮೇಲೆ ಕರೆದೊಯ್ಯುವ ಟ್ರ್ಯಾಮ್‌ ಒಂದು ಪುಟ್ಟ ಡಬ್ಬಿ, ಐದೇ ಸೀಟು, ಎದುರಿಗಿದ್ದವರ ಮೊಣಕಾಲು ತಾಗುತ್ತೆ. ತುದಿಯ ಸಣ್ಣ ಕಿಟಕಿಗೆ ಬಗ್ಗಿದರೆ ಒಂದು ಕಡೆ ಕೆಸರು ಬಣ್ಣದ ಮಿಸಿಸಿಪ್ಪಿ ನದಿ, 1874ರ ಈಡ್ಸ್ ಸೇತುವೆ. ಇನ್ನೊಂದು ಕಡೆ ಹಸಿರು ಗುಮ್ಮಟದ ಹಳೇ ಕೋರ್ಟು.

ಇಳಿದು ನೇರ ಅಲ್ಲಿಗೇ ಹೋದೆ. ಗುಲಾಮಗಿರಿಯಲ್ಲಿದ್ದ ಡ್ರೆಡ್ ಸ್ಕಾಟ್, ಹ್ಯಾರಿಯೆಟ್ ಸ್ಕಾಟ್ ದಂಪತಿ ಬಿಡುಗಡೆ ಕೇಳಿ 1846ರಲ್ಲಿ ದಾವೆ ಹೂಡಿದರು. 1850ರಲ್ಲಿ ಇದೇ ಕಟ್ಟಡದಲ್ಲಿ ಗೆದ್ದರು. ಮೇಲಿನ ಕೋರ್ಟು ಅದನ್ನೂ ಕಿತ್ತುಕೊಂಡಿತು. 1857ರಲ್ಲಿ ಸುಪ್ರೀಂ ಕೋರ್ಟು, ಕಪ್ಪು ಜನ ಈ ದೇಶದ ಪ್ರಜೆಗಳೇ ಆಗಲಾರರು ಅಂದುಬಿಟ್ಟಿತು. ಹನ್ನೊಂದು ವರ್ಷ ಕಾದು ಕೇಳಿದ ಉತ್ತರ ಅದು! ಅದೇ ವರ್ಷ ಬೇರೆ ದಾರಿಯಲ್ಲಿ ಬಿಡುಗಡೆ ಸಿಕ್ಕಿತು, ಮರುವರ್ಷ ಡ್ರೆಡ್ ತೀರಿಕೊಂಡರು. ಓದುತ್ತಾ ಹೊಟ್ಟೆ ಕಿವುಚಿದಂತಾಯಿತು.

ಹೊರಗೆ ಇಬ್ಬರ ಕಂಚಿನ ಪ್ರತಿಮೆ ಇದೆ, ಕೈ ಕೈ ಹಿಡಿದು, ತಲೆ ಎತ್ತಿ ನಿಂತಿದ್ದಾರೆ. ಆರ್ಚ್‌ಗಿಂತ ಹೆಚ್ಚು ಹೊತ್ತು ನಾನು ನಿಂತಿದ್ದು ಅವರ ಮುಂದೆ.